ಹೆಸರಿಟ್ಟವರು, ಹೆಸರು ಹೊತ್ತವರು

ಬೈಗುಳಗಳಿಗೂ ಒಂದು ವಂಶಾವಳಿ ಇದೆಯೆಂದರೆ ಕೆಲವರು ನಕ್ಕಾರು. ಆದರೆ ಒಂದು ಭಾಷೆಯ ಜನ ಒಬ್ಬರನ್ನೊಬ್ಬರು ಹೀಗಳೆಯಲು ಬಳಸುವ ಮಾತುಗಳ ಬೆನ್ನುಹತ್ತಿ ಹೋದರೆ, ಅವುಗಳಲ್ಲಿ ಕೆಲವು ಒಂದು ಕಾಲಕ್ಕೆ ಕನಿಕರದ ಮಾತುಗಳಾಗಿದ್ದವು, ಇನ್ನು ಕೆಲವು ಶಾಸ್ತ್ರದ ಪರಿಭಾಷೆಗಳಾಗಿದ್ದವು ಎಂಬುದು ಕಂಡುಬರುತ್ತದೆ. ಫ್ರೆಂಚ್ ಭಾಷೆ ಇದಕ್ಕೊಂದು ಒಳ್ಳೆಯ ನಿದರ್ಶನ. ಬುದ್ಧಿಯ ಬೆಳವಣಿಗೆ ಇತರರಂತೆ ನಡೆಯದ ಮನುಷ್ಯರನ್ನು ಆ ದೇಶ ಕಳೆದ ಎರಡೂವರೆ ಶತಮಾನಗಳಲ್ಲಿ ಹತ್ತಾರು ಹೆಸರುಗಳಿಂದ ಕರೆದಿದೆ. ಅವುಗಳಲ್ಲಿ ಹೆಚ್ಚಿನವು ಹಿಂದಿನ ಹೆಸರಿಗಿಂತ ಮೃದುವಾಗಿರಲಿ ಅಥವಾ ನಿಖರವಾಗಿರಲಿ ಎಂಬ ಸದುದ್ದೇಶದಿಂದಲೇ ಬಂದವು. ಕೆಲವು ತಲೆಮಾರು ಕಳೆಯುವುದರೊಳಗೆ ಬೀದಿಯ ಹುಡುಗರ ಬಾಯಲ್ಲಿ ಬೈಗುಳವೂ ಆದವು. ಹೀಗೇಕೆ ಆಯಿತು? ಹೆಸರುಗಳು ಬದಲಾದಾಗ ಆ ಹೆಸರನ್ನು ಹೊತ್ತವರ ಬಾಳಿನಲ್ಲಿ ಏನು ಬದಲಾಯಿತು, ಏನು ಬದಲಾಗದೆ ಉಳಿಯಿತು? ಇದು ಇಂದಿನ ನನ್ನ ಮಾತಿನ ವಿಷಯ.

ನಾನು ವೈದ್ಯನಲ್ಲ, ಕಾನೂನು ಬಲ್ಲವನೂ ಅಲ್ಲ. ಫ್ರೆಂಚ್ ಕಾದಂಬರಿಗಳನ್ನು ಓದುತ್ತ, ಅಲ್ಲಿಯ ಕೆಲವು ಪುಟಗಳನ್ನು ಕನ್ನಡಕ್ಕೆ ತರಲು ಹೆಣಗುತ್ತ ಬಂದ ಒಬ್ಬ ಭಾಷಾಸಕ್ತ. ಇಂಥ ಓದುಗನಿಗೆ ಒಂದು ತೊಡಕು ಎದುರಾಗುತ್ತದೆ. ಹಳೆಯ ಪುಸ್ತಕದಲ್ಲಿ ಸಹಜವಾಗಿ ಕುಳಿತಿದ್ದ ಶಬ್ದ ಇಂದು ಕಿವಿಗೆ ಚುಚ್ಚುತ್ತದೆ. ಇಂದಿನ ಸಭ್ಯ ಶಬ್ದವನ್ನು ಅಲ್ಲಿ ಇಟ್ಟರೆ ಹಳೆಯ ಕಾಲವೇ ಮರೆಯಾಗುತ್ತದೆ. ಆದ್ದರಿಂದ ಈ ಮಾತಿನ ಉದ್ದಕ್ಕೂ ಹಳೆಯ ಹೆಸರುಗಳನ್ನು ಅವು ಇದ್ದಂತೆಯೇ ಉಚ್ಚರಿಸುತ್ತೇನೆ. ಅವು ನೋಯಿಸುವ ಹೆಸರುಗಳೆಂಬುದು ನನಗೆ ಗೊತ್ತು. ಆದರೆ ನೋವಿನ ಚರಿತ್ರೆಯನ್ನು ಹೇಳುವವನು ಅದರ ಆಯುಧಗಳನ್ನು ಬಟ್ಟೆಯಲ್ಲಿ ಮುಚ್ಚಿಟ್ಟು ಹೇಳಲಾಗದು.

ಮೊದಲು ಆಲ್ಪ್ಸ್ ಪರ್ವತದ ಕಣಿವೆಗಳಿಗೆ ಹೋಗೋಣ. ಸವಾಯ್ ಸೀಮೆಯಲ್ಲಿ, ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತದಲ್ಲಿ, ಕತ್ತಿನಲ್ಲಿ ದೊಡ್ಡ ಗಳಗಂಡ ಬೆಳೆದ, ಕುಳ್ಳಾದ, ಮಾತು ಬಾರದ, ಬುದ್ಧಿ ಬೆಳೆಯದ ಜನ ಹಳ್ಳಿಹಳ್ಳಿಗಳಲ್ಲಿ ಇದ್ದರು. ಅವರನ್ನು ಅಲ್ಲಿಯ ಆಡುಮಾತಿನಲ್ಲಿ ‘ಕ್ರೆತಾಂ’ ಎನ್ನುತ್ತಿದ್ದರು. ಈ ಶಬ್ದ ಬೇರೇನೂ ಅಲ್ಲ, ‘ಕ್ರೆತಿಯಾಂ’, ಅಂದರೆ ಕ್ರೈಸ್ತ, ಎಂಬುದರ ಹಳ್ಳಿಗಾಡಿನ ರೂಪ. ಆ ಕಣಿವೆಗಳ ಬಡವರ ನುಡಿಯಲ್ಲಿ ಕ್ರೈಸ್ತನೆಂದರೆ ಮನುಷ್ಯ ಎಂದೇ ಅರ್ಥ. ಇವನೂ ನಮ್ಮಂತೆ ದೀಕ್ಷಾಸ್ನಾನ ಪಡೆದವನು, ಇವನಿಗೂ ಆತ್ಮವಿದೆ, ಇವನು ಪಶುವಲ್ಲ ಎಂಬ ಕನಿಕರ ಆ ಒಂದು ಮಾತಿನಲ್ಲಿ ಇತ್ತು. ೧೭೫೪ರಲ್ಲಿ ಪ್ರಕಟವಾದ ‘ವಿಶ್ವಕೋಶ’ದ ನಾಲ್ಕನೆಯ ಸಂಪುಟದಲ್ಲಿ ಗಣಿತಜ್ಞ ದಾಲಂಬೇರ್ ಈ ಜನರ ಬಗ್ಗೆ ಒಂದು ಚಿಕ್ಕ ಲೇಖನ ಬರೆದ. ಹಳ್ಳಿಯ ಮಾತು ಪ್ಯಾರಿಸಿನ ವಿದ್ವಾಂಸರ ಮೇಜಿಗೆ ಏರಿದ್ದು ಹಾಗೆ.

ಈ ಜನರ ಸ್ಥಿತಿಗೆ ಕಾರಣ ಆ ಬೆಟ್ಟಗಳ ಮಣ್ಣಿನಲ್ಲಿ, ನೀರಿನಲ್ಲಿ ಅಯೋಡಿನ್ ಸಾಲದೆ ಇದ್ದದ್ದು. ೧೮೧೧ರಲ್ಲಿ ಕುರ್ತ್ವಾ ಎಂಬ ಫ್ರೆಂಚ್ ರಸಾಯನಜ್ಞ ಕಡಲಪಾಚಿಯ ಬೂದಿಯಲ್ಲಿ ಅಯೋಡಿನನ್ನು ಕಂಡುಹಿಡಿದ. ೧೮೨೦ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡಕ್ಕೆ ಔಷಧವಾಗಿ ಕೊಟ್ಟ. ೧೮೫೦ರ ದಶಕದಲ್ಲಿ ಶಾತಾಂ ಎಂಬಾತ ನೀರು ಮಣ್ಣುಗಳನ್ನು ಪರೀಕ್ಷಿಸಿ ಅಯೋಡಿನ್ ಕೊರತೆಯೇ ಮೂಲವೆಂದು ವಾದಿಸಿದ. ಆಗಿನ ವಿದ್ವತ್ಸಭೆಗಳು ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸುವ ಕ್ರಮ ಬಂದದ್ದು ೧೯೨೨ರಲ್ಲಿ. ಅಂದರೆ ಒಂದು ಚಿಟಿಕೆ ಉಪ್ಪಿನ ವಿಷಯವಾಗಿ ನೂರು ವರ್ಷ ಕಳೆಯಿತು. ಆ ನೂರು ವರ್ಷಗಳಲ್ಲಿ ಶಬ್ದ ಮಾತ್ರ ಕಾಯಲಿಲ್ಲ. ಕಣಿವೆಯಿಂದ ಇಳಿದು ನಗರಕ್ಕೆ ಬಂದು, ‘ಆಲ್ಪ್ಸಿನ ಕ್ರೆತಾಂ’ ಎಂಬ ಬೈಗುಳವಾಗಿ ನಿಂತಿತು.

ಬಾಲ್ಜಾಕ್ ೧೮೩೩ರಲ್ಲಿ ಪ್ರಕಟಿಸಿದ ‘ಹಳ್ಳಿಯ ವೈದ್ಯ’ ಎಂಬ ಕಾದಂಬರಿಯಲ್ಲಿ ಈ ಸಂಕ್ರಮಣದ ಚಿತ್ರವಿದೆ. ಬೆನಾಸಿ ಎಂಬ ವೈದ್ಯ ಬೆಟ್ಟದ ಒಂದು ಬಡಹಳ್ಳಿಗೆ ಬಂದು ನೆಲೆಸುತ್ತಾನೆ. ಮನೆಯಲ್ಲೊಬ್ಬ ಕ್ರೆತಾಂ ಇದ್ದರೆ ಆ ಮನೆಗೆ ಶುಭ ಎಂದು ಹಳ್ಳಿಗರು ನಂಬಿರುತ್ತಾರೆ. ಅವನನ್ನು ಸಾಕುವುದು ಪುಣ್ಯವೆಂದು ತಿಳಿದಿರುತ್ತಾರೆ. ವೈದ್ಯನಿಗೆ ಅದು ಅಜ್ಞಾನವೆಂದು ತೋರುತ್ತದೆ. ಈ ಪಿಡುಗು ಹರಡಬಾರದೆಂದು ಆತ ಅವರನ್ನೆಲ್ಲ ಬೇರೊಂದು ಊರಿಗೆ ಸಾಗಿಸುತ್ತಾನೆ. ಹಳ್ಳಿ ಅವನ ಮೇಲೆ ತಿರುಗಿ ಬೀಳುತ್ತದೆ. ಉಳಿದುಕೊಂಡ ಒಬ್ಬನೇ ಒಬ್ಬನ ಸಾವನ್ನು ಬಾಲ್ಜಾಕ್ ಕಾದಂಬರಿಯ ಮೊದಲ ಭಾಗದಲ್ಲಿಯೇ ಚಿತ್ರಿಸುತ್ತಾನೆ. ವೈದ್ಯ ಕಾದಂಬರಿಯ ನಾಯಕ. ಅವನಿಂದ ಹಳ್ಳಿ ಉದ್ಧಾರವಾದದ್ದೂ ನಿಜ. ಆದರೂ ಈ ಪುಟಗಳನ್ನು ಓದುವಾಗ ನನ್ನ ಮನಸ್ಸು ಪ್ರತಿ ಸಾರಿಯೂ ಎರಡಾಗುತ್ತದೆ. ಹಳ್ಳಿಗರ ನಂಬಿಕೆ ತಪ್ಪು, ಆದರೆ ಅದರಲ್ಲಿ ಆ ಮನುಷ್ಯನಿಗೆ ಒಲೆಯ ಪಕ್ಕದಲ್ಲಿ ಒಂದು ಜಾಗ ಇತ್ತು. ವೈದ್ಯನ ವಿಚಾರ ಸರಿಯೆಂದೇ ಇಟ್ಟುಕೊಂಡರೂ ಅದರಲ್ಲಿ ಅವನಿಗೆ ಊರಲ್ಲೇ ಜಾಗವಿರಲಿಲ್ಲ.

ಧರ್ಮದ ನೆರಳಿನಲ್ಲಿ ಹುಟ್ಟಿದ ಇನ್ನೊಂದು ಶಬ್ದ ‘ಬೆನೆ’. ಇದರ ಮೂಲ ‘ಬೆನ್ವಾ’, ಅಂದರೆ ಧನ್ಯ, ದೇವರ ಆಶೀರ್ವಾದ ಪಡೆದವನು. ಆತ್ಮದಲ್ಲಿ ಬಡವರಾದವರು ಧನ್ಯರು ಎಂಬ ಸುವಾರ್ತೆಯ ಬೋಧೆಯ ನೆನಪು ಅದರಲ್ಲಿದೆ. ಇಂದಿನ ಫ್ರೆಂಚಿನಲ್ಲಿ ಬೆನೆ ಎಂದರೆ ಪೆದ್ದ. ನಮ್ಮ ‘ಮುಗ್ಧ’ ಎಂಬ ಶಬ್ದದ ಪಯಣ ಇದಕ್ಕೆ ವಿರುದ್ಧ ದಿಕ್ಕಿನದು ಎಂಬುದನ್ನು ಸಂಸ್ಕೃತ ಬಲ್ಲವರು ಗಮನಿಸಿರಬಹುದು. ಮೋಹಗೊಂಡವನು, ದಿಕ್ಕು ತೋಚದವನು, ಮೂಢ ಎಂಬ ಅರ್ಥದಲ್ಲಿ ಹೊರಟ ಮಾತು ನಮ್ಮಲ್ಲಿಗೆ ಬರುವಾಗ ನಿಷ್ಕಪಟ, ಚೆಲುವು ಎಂಬ ಬೆಳಕನ್ನು ತುಂಬಿಕೊಂಡು ಬಂದಿತು. ಶಬ್ದಗಳು ಕೆಳಕ್ಕೇ ಜಾರಬೇಕೆಂಬ ನಿಯಮವೇನೂ ಇಲ್ಲ. ಅವನ್ನು ಬಳಸುವ ಜನರ ನಡವಳಿಕೆ ಎತ್ತ ನಡೆದರೆ ಶಬ್ದವೂ ಅತ್ತ ನಡೆಯುತ್ತದೆ.

ಹಳ್ಳಿ ಮತ್ತು ಚರ್ಚಿನ ಕೈಯಲ್ಲಿದ್ದ ಹೆಸರಿಡುವ ಕೆಲಸ ಮಹಾಕ್ರಾಂತಿಯ ನಂತರ ಕಾನೂನು ಮತ್ತು ವೈದ್ಯಶಾಸ್ತ್ರದ ಕೈಗೆ ಬಂದಿತು. ೧೮೦೪ರ ನೆಪೋಲಿಯನನ ನಾಗರಿಕ ಸಂಹಿತೆಯ ೪೮೯ನೆಯ ವಿಧಿ, ‘ಎಂಬೆಸಿಲಿಟೆ’, ಬುದ್ಧಿಭ್ರಮೆ, ಉನ್ಮಾದ ಎಂಬ ಮೂರು ಸ್ಥಿತಿಗಳನ್ನು ಹೆಸರಿಸಿ, ಸದಾ ಅವುಗಳಲ್ಲಿರುವ ವಯಸ್ಕನನ್ನು ನಾಗರಿಕ ವ್ಯವಹಾರಗಳಿಂದ ನಿಷೇಧಿಸಬೇಕೆಂದು ವಿಧಿಸಿತು. ‘ಎಂಬೆಸಿಲ್’ ಎಂಬುದರ ಲ್ಯಾಟಿನ್ ಮೂಲಕ್ಕೆ ದುರ್ಬಲ ಎಂದಷ್ಟೇ ಅರ್ಥ. ಹಳೆಯ ಫ್ರೆಂಚಿನಲ್ಲಿ ಮುದುಕನ ಮೈಯನ್ನೂ ಹಾಗೆ ಕರೆಯಬಹುದಾಗಿತ್ತು. ಈಗ ಅದು ಕೋರ್ಟಿನ ಮಾತಾಯಿತು. ಸಂಹಿತೆಗೆ ಮುಖ್ಯ ಚಿಂತೆ ಆಸ್ತಿ: ಈತ ಜಮೀನು ಮಾರಬಹುದೇ, ಕರಾರಿಗೆ ಸಹಿ ಹಾಕಬಹುದೇ, ಮನೆತನದ ಹಣ ಕರಗಿಸಿಯಾನೇ ಎಂಬುದು. ಇದು ಕುಟುಂಬಕ್ಕೂ ಆ ವ್ಯಕ್ತಿಗೂ ರಕ್ಷಣೆಯೆಂದೇ ಎಣಿಕೆಯಾಗಿತ್ತು. ಆದರೆ ಆ ರಕ್ಷಣೆಯ ಬೆಲೆಯಾಗಿ ಅವನು ಕಾನೂನಿನ ಕಣ್ಣಿನಲ್ಲಿ ಶಾಶ್ವತವಾಗಿ ಬಾಲಕನಾದ. ಈ ವ್ಯವಸ್ಥೆ ೧೯೬೮ರ ಜನವರಿ ೩ರ ಕಾನೂನಿನವರೆಗೆ ಬಾಳಿತು.

ವೈದ್ಯರು ಆರಿಸಿಕೊಂಡ ಶಬ್ದ ‘ಇದಿಯೋ’. ಗ್ರೀಕರಲ್ಲಿ ‘ಇದಿಯೋತೇಸ್’ ಎಂದರೆ ತನ್ನಷ್ಟಕ್ಕೆ ತಾನಿರುವವನು, ನಗರದ ಸಾರ್ವಜನಿಕ ವ್ಯವಹಾರದಲ್ಲಿ ಪಾಲುಗೊಳ್ಳದ ಖಾಸಗಿ ಮನುಷ್ಯ. ರೋಮಿನ ಜನ ಅದನ್ನು ಅಕ್ಷರವಿಲ್ಲದವನು ಎಂಬ ಅರ್ಥಕ್ಕೆ ಇಳಿಸಿದರು. ಹತ್ತೊಂಬತ್ತನೆಯ ಶತಮಾನದ ಹೊಸ್ತಿಲಲ್ಲಿ ಪಿನೆಲ್ ಮಾನಸಿಕ ವ್ಯಾಧಿಗಳನ್ನು ವಿಂಗಡಿಸುವಾಗ ಇದರಿಂದ ‘ಇದಿಯೋತಿಸ್ಮ್’ ಎಂಬ ಪರಿಭಾಷೆಯನ್ನು ತಂದ. ಅವನ ಶಿಷ್ಯ ಎಸ್ಕಿರೋಲ್, ಆ ರೂಪ ವೈಯಾಕರಣರಿಗೆ ಸೇರಿದ್ದು, ನುಡಿಗಟ್ಟಿಗೆ ಅವರು ಹಾಗೆನ್ನುತ್ತಾರೆ ಎಂದು, ‘ಇದಿಯೋಸಿ’ ಎಂದು ತಿದ್ದಿದ. ಅದಕ್ಕಿಂತ ಮುಖ್ಯವಾಗಿ ಅವನು ೧೮೩೮ರ ತನ್ನ ಗ್ರಂಥದಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿದ. ಹುಚ್ಚು ಹಿಡಿದವನನ್ನು ಅವನು ಸಂಪತ್ತು ಕಳೆದುಕೊಂಡ ಧನಿಕನಿಗೆ ಹೋಲಿಸಿದ. ಇದಿಯೋ ಎನಿಸಿಕೊಂಡವನನ್ನು ಹುಟ್ಟಿನಿಂದಲೇ ಏನೂ ಇಲ್ಲದ ಬಡವನಿಗೆ. ಭೇದ ಶಾಸ್ತ್ರೀಯವಾಗಿ ಬೆಲೆಯುಳ್ಳದ್ದು: ಇದು ವ್ಯಾಧಿಯಲ್ಲ, ಒಂದು ಸ್ಥಿತಿ. ಆದರೆ ಅದರಿಂದ ಎಸ್ಕಿರೋಲ್ ತೆಗೆದ ತೀರ್ಮಾನ ಕಠೋರವಾದದ್ದು. ವ್ಯಾಧಿಯಾದರೆ ಗುಣವಾದೀತು; ಸ್ಥಿತಿಗೆ ಮದ್ದಿಲ್ಲ. ಅದೇ ೧೮೩೮ರ ಜೂನ್ ೩೦ರ ಕಾನೂನು ಪ್ರತಿ ಜಿಲ್ಲೆಯೂ ಬುದ್ಧಿವಿಕಲರಿಗೆ ಆಸ್ಪತ್ರೆಯ ಏರ್ಪಾಡು ಮಾಡಬೇಕೆಂದು ವಿಧಿಸಿತು. ಅದರ ಗೋಡೆಗಳ ಒಳಗೆ ಹುಚ್ಚು ಹಿಡಿದವರ ಜೊತೆಗೆ ಇದಿಯೋ ಎಂಬ ಚೀಟಿ ಹೊತ್ತವರೂ ಸೇರಿದರು.

ಮದ್ದಿಲ್ಲದಿದ್ದರೆ ಪಾಠ ಹೇಳಬಹುದಲ್ಲ ಎಂದು ಯೋಚಿಸಿದವರು ಇಬ್ಬರು. ೧೮೦೦ರಲ್ಲಿ ಅವೆರೋಂ ಸೀಮೆಯ ಕಾಡಿನಲ್ಲಿ ಸಿಕ್ಕ, ಮಾತರಿಯದ ಒಬ್ಬ ಹುಡುಗನನ್ನು ಪ್ಯಾರಿಸಿಗೆ ತಂದರು. ಪಿನೆಲ್ ಅವನನ್ನು ಪರೀಕ್ಷಿಸಿ, ಇವನು ಇದಿಯೋ, ಇವನಿಂದ ಏನೂ ನಿರೀಕ್ಷಿಸುವಂತಿಲ್ಲ ಎಂದು ಅಭಿಪ್ರಾಯ ಕೊಟ್ಟ. ಕಿವುಡ ಮೂಕರ ಶಾಲೆಯ ತರುಣ ವೈದ್ಯ ಇತಾರ್ ಒಪ್ಪಲಿಲ್ಲ. ಅವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಆ ಹುಡುಗನಿಗೆ ಹೆಸರಿಡುವುದು. ‘ಓ’ ಎಂಬ ಸ್ವರಕ್ಕೆ ಹುಡುಗ ತಿರುಗಿ ನೋಡುತ್ತಿದ್ದುದರಿಂದ ಆ ಸ್ವರ ಕೇಳಿಬರುವ ‘ವಿಕ್ತೋರ್’ ಎಂಬ ಹೆಸರನ್ನು ಆರಿಸಿದ. ಹೆಸರನ್ನು ಹೊರುವವನು ಹೇಗೆ ಓಗೊಡುತ್ತಾನೆಂದು ಗಮನಿಸಿ ಹೆಸರಿಟ್ಟದ್ದು ಈ ಇಡೀ ಕಥೆಯಲ್ಲಿ ಇದೇ ಮೊದಲು. ಸುಮಾರು ಐದು ವರ್ಷ ಇತಾರ್ ಅವನಿಗೆ ಕಲಿಸಿದ. ವಿಕ್ತೋರ್ ಕೆಲವು ಬರೆದ ಶಬ್ದಗಳನ್ನು ಗುರುತಿಸುವಷ್ಟು, ತನ್ನನ್ನು ಸಾಕಿದ ಗೇರಾಂ ಎಂಬ ಹೆಂಗಸನ್ನು ಪ್ರೀತಿಸುವಷ್ಟು ಬೆಳೆದ. ಮಾತು ಮಾತ್ರ ಬರಲಿಲ್ಲ. ೧೮೨೮ರಲ್ಲಿ ಆ ತಾಯಿಯ ಆಸರೆಯಲ್ಲಿಯೇ ತೀರಿಕೊಂಡ. ತ್ರ್ಯುಫೋ ೧೯೭೦ರಲ್ಲಿ ಈ ಕಥೆಯನ್ನು ಚಲನಚಿತ್ರವಾಗಿಸಿ, ಇತಾರನ ಪಾತ್ರವನ್ನು ತಾನೇ ವಹಿಸಿದ್ದನ್ನು ಚಿತ್ರಪ್ರಿಯರು ಬಲ್ಲರು.

ಇತಾರನ ಶಿಷ್ಯ ಸೆಗ್ಯಾಂ ಇನ್ನೂ ಮುಂದೆ ಹೋದ. ಪ್ಯಾರಿಸಿನ ಹೊರವಲಯದ ಬಿಸೆತ್ರ್ ಆಸ್ಪತ್ರೆಯಲ್ಲಿ ೧೮೪೦ರ ದಶಕದ ಆರಂಭದಲ್ಲಿ ಇಂಥ ಮಕ್ಕಳಿಗೆ ಕೈಯ ಮೂಲಕ, ಕಣ್ಣಿನ ಮೂಲಕ, ಮುಟ್ಟಿ ತಡಕುವುದರ ಮೂಲಕ ಪಾಠ ಕಲಿಸಿ, ೧೮೪೬ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದ. ಅದರ ಹೆಸರಿನಲ್ಲಿಯೇ ‘ಇದಿಯೋಗಳ ಶಿಕ್ಷಣ’ ಎಂಬ ಮಾತಿದೆ. ಎಸ್ಕಿರೋಲನ ದೃಷ್ಟಿಯಲ್ಲಿ ಒಂದರ ಪಕ್ಕದಲ್ಲಿ ಇನ್ನೊಂದು ನಿಲ್ಲಲಾಗದ ಎರಡು ಶಬ್ದಗಳವು. ಮುಂದೆ ಸೆಗ್ಯಾಂ ಅಮೆರಿಕಕ್ಕೆ ವಲಸೆ ಹೋದ. ಇಟಲಿಯ ಮರಿಯಾ ಮಾಂಟೆಸೊರಿ ಇತಾರ್ ಮತ್ತು ಸೆಗ್ಯಾಂ ಇಬ್ಬರ ಬರಹಗಳನ್ನೂ ತನ್ನ ಕೈಯಾರೆ ಅನುವಾದಿಸಿಕೊಂಡು ಅಭ್ಯಾಸ ಮಾಡಿ, ಆ ವಿಧಾನವನ್ನು ಎಲ್ಲ ಮಕ್ಕಳಿಗೂ ಅಳವಡಿಸಿದಳು. ಆಕೆ ೧೯೩೯ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಉಪಾಧ್ಯಾಯರಿಗೆ ತರಬೇತಿ ಕೊಟ್ಟಳು. ಇಂದು ನಮ್ಮ ಊರುಗಳಲ್ಲಿ ತಂದೆತಾಯಿಗಳು ಸಾಲುಗಟ್ಟಿ ನಿಂತು ಮಕ್ಕಳನ್ನು ಸೇರಿಸುವ ಮಾಂಟೆಸೊರಿ ಶಾಲೆಗಳಲ್ಲಿ, ಮಗು ಕೈಯಲ್ಲಿ ಹಿಡಿದು ಜೋಡಿಸುವ ಆ ಮರದ ತುಂಡುಗಳ ಹಿಂದೆ, ಕಲಿಯಲಾರರೆಂದು ಬರೆದಿಟ್ಟ ಬಿಸೆತ್ರ್ ಮಕ್ಕಳ ಋಣವಿದೆ. ಈ ಋಣವನ್ನು ನಾವು ನೆನೆಯುವುದು ಕಡಿಮೆ.

ಮೂರನೆಯ ಬಗೆಯ ಹೆಸರುಗಳನ್ನು ಕೊಟ್ಟದ್ದು ಶಾಲೆ. ಊರಿನಲ್ಲಿ ಅರ್ಧ ಜನಕ್ಕೆ ಓದು ಬಾರದಿದ್ದ ಕಾಲದಲ್ಲಿ ಓದು ಹತ್ತದ ಹುಡುಗ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವನು ದನ ಮೇಯಿಸಿಕೊಂಡು, ಕಟ್ಟಿಗೆ ಹೊತ್ತುಕೊಂಡು ನಾಲ್ವರಂತೆ ಇರುತ್ತಿದ್ದ. ಜೂಲ್ ಫೆರಿಯ ೧೮೮೨ರ ಕಾನೂನು ಆರರಿಂದ ಹದಿಮೂರು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯ ಮಾಡಿದ ಮೇಲೆ, ವಯಸ್ಸಿಗೊಂದು ತರಗತಿ, ತರಗತಿಗೊಂದು ಪಾಠಪಟ್ಟಿ ಬಂದಿತು. ಆಗ ‘ಆರಿಯೆರೆ’, ಹಿಂದುಳಿದವನು, ಎಂಬ ಶಬ್ದ ಮುಂದಕ್ಕೆ ಬಂದಿತು. ದುರ್ಬಲ ಎಂಬ ಮೈಯ ಉಪಮೆ ಹೋಗಿ ದಾರಿಯ ಉಪಮೆ ಬಂದಿತು. ಎಲ್ಲರೂ ಒಂದೇ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆಯಬೇಕೆಂದು ಗೊತ್ತುಮಾಡಿದ ಮೇಲೆ ತಾನೇ ಒಬ್ಬನು ಹಿಂದುಳಿಯುವುದು!

ಈ ಮಕ್ಕಳನ್ನು ಗುರುತಿಸುವ ಬಗೆ ಹೇಗೆಂದು ವಿಚಾರಿಸಲು ೧೯೦೪ರಲ್ಲಿ ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ಅದರ ಸದಸ್ಯನಾದ ಆಲ್ಫ್ರೆದ್ ಬಿನೇ, ಸಿಮೋಂ ಎಂಬ ವೈದ್ಯನ ಜೊತೆಗೂಡಿ ೧೯೦೫ರಲ್ಲಿ ತನ್ನ ಪ್ರಸಿದ್ಧ ಬುದ್ಧಿಮಾಪನವನ್ನು ಪ್ರಕಟಿಸಿದ. ಅವನ ವಿಂಗಡಣೆ ಸರಳ. ಮಾತಿನ ಮೂಲಕ ಇತರರೊಡನೆ ವ್ಯವಹರಿಸಲು ಕಲಿಯದವನು ಇದಿಯೋ. ಮಾತು ಬಂದು ಬರಹದ ಮೂಲಕ ವ್ಯವಹರಿಸಲು ಕಲಿಯದವನು ಎಂಬೆಸಿಲ್. ಎರಡೂ ಬಂದು ವಯಸ್ಸಿಗೆ ತಕ್ಕಷ್ಟು ಬಾರದವನು ‘ದೆಬಿಲ್’. ಇದಕ್ಕೂ ಲ್ಯಾಟಿನಿನಲ್ಲಿ ಬಲಹೀನ ಎಂದೇ ಅರ್ಥ. ೧೯೦೯ರ ಏಪ್ರಿಲ್ ೧೫ರ ಕಾನೂನು ಇಂಥ ಮಕ್ಕಳಿಗೆ ಪ್ರತ್ಯೇಕ ತರಗತಿಗಳನ್ನು ತೆರೆಯಲು ಅವಕಾಶ ಕೊಟ್ಟಿತು. ಕಡ್ಡಾಯವಿಲ್ಲದ್ದರಿಂದ ಎರಡನೆಯ ಮಹಾಯುದ್ಧದವರೆಗೆ ತೆರೆದವು ಕೆಲವೇ. ಬಿನೇಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬುದ್ಧಿಯೆಂಬುದು ಹುಟ್ಟಿನಿಂದ ಗೊತ್ತಾದ, ಹೆಚ್ಚಿಸಲಾಗದ ಅಳತೆ ಎನ್ನುವವರನ್ನು ಅವನು ಕಟುವಾಗಿ ವಿರೋಧಿಸಿದ. ಅವನ ಅಳತೆಗೋಲು ನೆರವು ಬೇಕಾದ ಮಗುವನ್ನು ಹುಡುಕುವ ದೀಪವಾಗಬೇಕಿತ್ತು. ೧೯೧೧ರಲ್ಲಿ ಅವನು ತೀರಿಕೊಂಡ ಮೇಲೆ ಬೇರೆಯವರ ಕೈಯಲ್ಲಿ ಅದು ಬಹಳ ಕಡೆ ಹೊರಗಟ್ಟುವ ಬಾಗಿಲಾಯಿತು. ‘ದೆಬಿಲ್’ ಎಂಬ ಅವನ ಜಾಗರೂಕವಾದ ಪರಿಭಾಷೆ ಈಗ ಬೇಸರ ತರಿಸುವ ಸಿನಿಮಾಕ್ಕೆ, ಹಿಡಿಸದ ಪಾಠಕ್ಕೆ ಫ್ರೆಂಚ್ ಮಕ್ಕಳು ಕೊಡುವ ವಿಶೇಷಣವಾಗಿದೆ.

ಇನ್ನೊಂದು ಹೆಸರು ಹೊರದೇಶದಿಂದ ಬಂದದ್ದು. ೧೮೬೬ರಲ್ಲಿ ಇಂಗ್ಲೆಂಡಿನ ವೈದ್ಯ ಲ್ಯಾಂಗ್ಡನ್ ಡೌನ್ ಒಂದು ಬಗೆಯ ಮಕ್ಕಳ ಮುಖಲಕ್ಷಣವನ್ನು ಕಂಡು, ಜನಾಂಗಗಳ ಮೇಲುಕೀಳಿನ ಅಂದಿನ ವಿಚಾರಕ್ಕೆ ತಕ್ಕಂತೆ, ಅವರನ್ನು ಮಂಗೋಲ ಬುಡಕಟ್ಟಿಗೆ ಹೋಲಿಸಿದ. ಫ್ರೆಂಚಿನಲ್ಲಿ ಅದು ‘ಮೊಂಗೋಲಿಯಾಂ’ ಆಯಿತು. ಒಂದು ಹೆಸರಿನಲ್ಲಿ ಇಬ್ಬರಿಗೆ ಅವಮಾನ: ಆ ಮಕ್ಕಳಿಗೂ, ದೂರದ ಒಂದು ಜನಾಂಗಕ್ಕೂ. ೧೯೫೯ರಲ್ಲಿ ಪ್ಯಾರಿಸಿನ ಲಜೂನ್, ಮಾರ್ತ್ ಗೋತಿಯೇ, ತ್ಯುರ್ಪ್ಯಾಂ ಎಂಬ ಮೂವರು, ಈ ಮಕ್ಕಳ ಜೀವಕೋಶಗಳಲ್ಲಿ ೪೬ರ ಬದಲು ೪೭ ವರ್ಣತಂತುಗಳಿವೆ ಎಂಬುದನ್ನು ಪ್ರಕಟಿಸಿದರು. ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಕೌಶಲ ಮಾರ್ತ್ ಗೋತಿಯೇ ಅವರದು. ಪ್ರಬಂಧದಲ್ಲಿ ಅವರ ಹೆಸರು ಎರಡನೆಯದಾಗಿತ್ತು, ಕೀರ್ತಿ ಬಹುಕಾಲ ಮೊದಲನೆಯವನಿಗೇ ಸಂದಿತು. ಫ್ರಾನ್ಸಿನ ವೈದ್ಯಕೀಯ ಸಂಶೋಧನ ಸಂಸ್ಥೆಯ ನೀತಿಸಮಿತಿ ಅವರ ಪಾತ್ರವನ್ನು ಎತ್ತಿಹೇಳಿದ್ದು ೨೦೧೪ರಲ್ಲಿ. ಹೆಸರಿನ ಅನ್ಯಾಯ ಪ್ರಯೋಗಶಾಲೆಯಲ್ಲಿಯೂ ನಡೆಯುತ್ತದೆ. ಅದೇನೇ ಇರಲಿ, ಹೊಸ ಅರಿವಿನಿಂದ ‘ತ್ರಿಸೊಮಿ ೨೧’ ಎಂಬ ಹೆಸರು ಬಂದಿತು. ಅರ್ಥ ಇಷ್ಟೇ: ಇಪ್ಪತ್ತೊಂದನೆಯ ವರ್ಣತಂತು ಎರಡಿರುವ ಬದಲು ಮೂರಿದೆ. ಮಂಗೋಲಿಯ ದೇಶದವರ ಕೋರಿಕೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ೧೯೬೫ರಲ್ಲಿ ಹಳೆಯ ಹೆಸರನ್ನು ಕೈಬಿಟ್ಟಿತು. ಶಾಲೆಯ ಅಂಗಳ ಮಾತ್ರ ಅದನ್ನು ಬಿಡಲಿಲ್ಲ. ಅಲ್ಲಿ ಅದು ತಿರುಚಿಕೊಂಡು ‘ಗೊಗೊಲ್’ ಎಂಬ ಬೈಗುಳವಾಯಿತು. ರಷ್ಯದ ಆ ಮಹಾಲೇಖಕನಿಗೂ ಇದಕ್ಕೂ ಸಂಬಂಧವಿಲ್ಲವೆಂದು ಸಾಹಿತ್ಯಪ್ರಿಯರಿಗೆ ಹೇಳಬೇಕಾಗಿಲ್ಲ.

ಇಲ್ಲಿ ನಾನು ಒಂದು ಕರಾಳ ಪುಟವನ್ನು ತೆರೆಯಬೇಕಾಗಿದೆ. ಜರ್ಮನರ ಆಕ್ರಮಣದ ವರ್ಷಗಳಲ್ಲಿ, ೧೯೪೦ರಿಂದ ೧೯೪೪ರವರೆಗೆ, ಫ್ರಾನ್ಸಿನ ಮಾನಸಿಕ ಆಸ್ಪತ್ರೆಗಳಲ್ಲಿ ಹಸಿವಿನಿಂದ, ಚಳಿಯಿಂದ, ಅವುಗಳ ಬೆನ್ನಿಗೆ ಬಂದ ರೋಗಗಳಿಂದ ಸುಮಾರು ೪೫,೦೦೦ ಜನ ಸತ್ತರೆಂದು ಇತಿಹಾಸಕಾರರು ಲೆಕ್ಕಹಾಕಿದ್ದಾರೆ. ಹುಚ್ಚು ಹಿಡಿದವರೆನಿಸಿಕೊಂಡವರ ಜೊತೆಯಲ್ಲಿ ಇದಿಯೋ, ಎಂಬೆಸಿಲ್ ಎಂಬ ಚೀಟಿ ಹೊತ್ತವರೂ ಅವರಲ್ಲಿ ಇದ್ದರು. ಪಡಿತರದ ಕಾಲದಲ್ಲಿ ಹೊರಗಿನವರು ಹೇಗೋ ಕಾಳಸಂತೆಯಲ್ಲಿ ಹಿಡಿ ಧಾನ್ಯ ತಂದುಕೊಂಡರು; ಗೋಡೆಯೊಳಗಿನವರಿಗೆ ಆ ದಾರಿಯೂ ಇರಲಿಲ್ಲ. ಅದೇ ವಿಶೀ ಸರ್ಕಾರ ೧೯೪೩ರಲ್ಲಿ ನೇಮಿಸಿದ ಒಂದು ಮಂಡಳಿಯಿಂದ, ಇಂಥ ಮಕ್ಕಳಿಗೆಲ್ಲ ಒಂದೇ ಸಭ್ಯ ಹೆಸರು ಚಲಾವಣೆಗೆ ಬಂದಿತು: ‘ಇನದಪ್ತೆ’, ಹೊಂದಿಕೊಳ್ಳದವರು. ಹೊಸ ಹೆಸರಿಡಲು ಬೇಕಾದ ಕಾಗದ ಶಾಯಿ ಸಿಕ್ಕ ದೇಶದಲ್ಲಿ ಹಳೆಯ ಹೆಸರಿನವರಿಗೆ ರೊಟ್ಟಿ ಸಿಗಲಿಲ್ಲ. ನಾಮಕರಣದಿಂದಲೇ ಕರ್ತವ್ಯ ಮುಗಿಯಿತೆಂದು ತಿಳಿಯುವವರು ಈ ಎರಡು ಸಂಗತಿಗಳನ್ನು ಜೊತೆಯಲ್ಲಿಟ್ಟು ನೋಡಬೇಕು.

ಯುದ್ಧದ ನಂತರ ತಂದೆತಾಯಿಗಳು ಮುಂದೆ ಬಂದರು. ೧೯೪೮ರಲ್ಲಿ ಲಿಯೋಂ ನಗರದಲ್ಲಿ ಅವರ ಮೊದಲ ಸಂಘ ಹುಟ್ಟಿತು. ೧೯೬೦ರಲ್ಲಿ ಇಂಥ ಸಂಘಗಳು ಕೂಡಿ ‘ಯುನಾಪೆಯಿ’ ಎಂಬ ರಾಷ್ಟ್ರೀಯ ಒಕ್ಕೂಟವಾಯಿತು. ಮನೆಯ ಹಿಂದಿನ ಕೋಣೆಯಲ್ಲಿ ಮುಚ್ಚಿಟ್ಟಿದ್ದ ಮಗುವಿನ ಕೈಹಿಡಿದು ತಾಯಂದಿರು ಸರ್ಕಾರದ ಬಾಗಿಲಿಗೆ ಬಂದರೆನ್ನಬಹುದು. ಒಕ್ಕೂಟದ ಹೆಸರಿನ ಕೊನೆಯ ಅಕ್ಷರ ‘ಇನದಪ್ತೆ’ ಎಂಬುದರ ಮೊದಲಕ್ಷರ. ಆ ಶಬ್ದ ಮುಂದೆ ಯಾರಿಗೂ ಹಿಡಿಸದಾಯಿತು; ವಿವರಣೆಯನ್ನು ಬದಲಾಯಿಸಿಕೊಂಡರು, ಅಕ್ಷರವನ್ನು ಉಳಿಸಿಕೊಂಡರು. ಮಡಿದ ಶಬ್ದದ ಗುರುತು ಹೀಗೆ ಸಂಕ್ಷೇಪದಲ್ಲಿ ಉಳಿದಿದೆ.

ಆನಂತರ ಬಂದ ಶಬ್ದ ‘ಆಂದಿಕಾಪ್’. ಇದು ಇಂಗ್ಲಿಷಿನ ಟೋಪಿಯಾಟದಿಂದ ಕುದುರೆಪಂದ್ಯಕ್ಕೆ ಬಂದ ಮಾತು. ಪಂದ್ಯದಲ್ಲಿ ಬಲವಾದ ಕುದುರೆಗೆ ಹೆಚ್ಚು ಭಾರ ಹೊರಿಸಿ ಎಲ್ಲ ಕುದುರೆಗಳಿಗೂ ಗೆಲ್ಲುವ ಅವಕಾಶವನ್ನು ಸಮ ಮಾಡುವ ಕ್ರಮಕ್ಕೆ ಆ ಹೆಸರು. ಭಾರ ಹೊತ್ತ ಕುದುರೆ ಮೂಲತಃ ಒ಼ಳ್ಳೆಯ ಕುದುರೆ ಎಂಬುದನ್ನು ಮರೆತು, ಭಾರವೆಂಬ ಅರ್ಥವನ್ನಷ್ಟೇ ಮನುಷ್ಯರಿಗೆ ಅಂಟಿಸಿದರು. ೧೯೫೭ರ ನವೆಂಬರ್ ೨೩ರ ಕಾನೂನು ಕಾರ್ಮಿಕರ ವಿಷಯದಲ್ಲಿ ಈ ಶಬ್ದವನ್ನು ಬಳಸಿತು. ೧೯೭೫ರ ಜೂನ್ ೩೦ರ ಕಾನೂನು ಅದನ್ನು ಇಡೀ ವರ್ಗದ ಹೆಸರಾಗಿ ಸ್ಥಾಪಿಸಿತು. ತಾರೀಖನ್ನು ಗಮನಿಸಿ: ೧೮೩೮ರ ಆಸ್ಪತ್ರೆಗಳ ಕಾನೂನು ಕೂಡ ಜೂನ್ ೩೦ರದೇ. ಹಿಂದಿನ ಕಾನೂನು ಗೋಡೆ ಕಟ್ಟಿತು. ೧೯೭೫ರದು ಮಕ್ಕಳ ಶಿಕ್ಷಣ, ವಯಸ್ಕರ ಜೀವನಭತ್ಯೆ, ದುಡಿಮೆ ಇವುಗಳನ್ನು ರಾಷ್ಟ್ರದ ಹೊಣೆಯೆಂದು ಸಾರಿತು. ವಿಶೇಷವೆಂದರೆ ಆ ಕಾನೂನು ‘ಆಂದಿಕಾಪ್’ ಎಂದರೇನೆಂದು ವ್ಯಾಖ್ಯಾನಿಸಲಿಲ್ಲ. ವ್ಯಾಖ್ಯೆ ಬಂದದ್ದು ೨೦೦೫ರ ಫೆಬ್ರುವರಿ ೧೧ರ ಕಾನೂನಿನಲ್ಲಿ. ಅದು ವ್ಯಕ್ತಿಯ ದೇಹ ಮನಸ್ಸುಗಳ ಕೊರತೆಯ ಜೊತೆಗೆ ಅವನು ಬಾಳುವ ಪರಿಸರವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಬುದ್ಧಿಯ ಬೆಳವಣಿಗೆಯ ತೊಡಕನ್ನೂ ಮನೋವ್ಯಾಧಿಯಿಂದ ಬರುವ ತೊಡಕನ್ನೂ ಬೇರೆಬೇರೆ ಶಬ್ದಗಳಿಂದ ಹೇಳಿತು. ಎಸ್ಕಿರೋಲನು ಗ್ರಂಥದಲ್ಲಿ ಮಾಡಿದ ಭೇದ ಹಕ್ಕುಗಳ ಭಾಷೆಯಲ್ಲಿ ಮತ್ತೆ ಕಾಣಿಸಿಕೊಳ್ಳಲು ಹೀಗೆ ೧೬೭ ವರ್ಷ ಬೇಕಾಯಿತು. ಈಗ ಕಚೇರಿಗಳಲ್ಲಿ ‘ಆಂದಿಕಾಪಿನ ಸನ್ನಿವೇಶದಲ್ಲಿರುವ ವ್ಯಕ್ತಿ’ ಎನ್ನುವುದು ರೂಢಿ. ಮೆಟ್ಟಿಲನ್ನು ಕಟ್ಟಿದವರದೂ ತಪ್ಪಿದೆ, ಏರಲಾರದವನದಷ್ಟೇ ಅಲ್ಲ ಎಂಬುದು ಅದರ ಇಂಗಿತ. ವಿಚಾರ ಸರಿ, ಆದರೆ ಅಷ್ಟು ಉದ್ದದ ಹೆಸರನ್ನು ಯಾವ ತಾಯಿ ತನ್ನ ಮಗನ ಬಗ್ಗೆ ಹೇಳಿಯಾಳು?

ಹೊಸ ಶಬ್ದಗಳೆಲ್ಲ ಕೊನೆಗೆ ಮಲಿನವಾಗುವುದಾದರೆ ಈ ಬದಲಾವಣೆಗಳೆಲ್ಲ ವ್ಯರ್ಥವೇ ಎಂದು ಕೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ‘ತ್ರಿಸೊಮಿ’ ಒಂದು ಸುಳ್ಳನ್ನು ಅಳಿಸಿ ಒಂದು ನಿಜವನ್ನು ಇಟ್ಟಿತು. ‘ಇದಿಯೋಗಳ ಶಿಕ್ಷಣ’ ಎಂಬ ಸೆಗ್ಯಾಂನ ಮಾತು ಹಳೆಯ ಶಬ್ದವನ್ನೇ ಇಟ್ಟುಕೊಂಡು ಒಂದು ಬಾಗಿಲನ್ನು ತೆರೆಯಿತು. ‘ಆಂದಿಕಾಪ್’ ಹಲವರ ಮನೆಗೆ ತಿಂಗಳ ಭತ್ಯೆ ತಂದಿತು. ವ್ಯರ್ಥವಾದವು ಯಾವುವೆಂದರೆ ಹೆಸರಿನ ಜೊತೆಗೆ ಬೇರೇನನ್ನೂ ಬದಲಾಯಿಸದ ಹೆಸರುಗಳು. ಜನರನ್ನು ಕೀಳಾಗಿ ಕಾಣುವ ಕಣ್ಣು ಹಾಗೆಯೇ ಇದ್ದಾಗ ಅದು ಎಂಥ ಶುಭ್ರವಾದ ಹೆಸರಿನ ಮೂಲಕವೂ ಅದೇ ದೃಶ್ಯವನ್ನು ನೋಡುತ್ತದೆ.

ಇನ್ನೊಂದು ಸಂಗತಿಯೂ ಇದೆ. ಇಷ್ಟು ಹೊತ್ತು ನಾನು ಹೇಳಿದ ಹೆಸರುಗಳನ್ನೆಲ್ಲ ಇಟ್ಟವರು ಬೇರೆಯವರು: ಹಳ್ಳಿಗರು, ಪಾದ್ರಿಗಳು, ನ್ಯಾಯಶಾಸ್ತ್ರಿಗಳು, ವೈದ್ಯರು, ಉಪಾಧ್ಯಾಯರು, ಮಂತ್ರಿಗಳು, ಕೊನೆಗೆ ತಂದೆತಾಯಿಗಳು. ಹೆಸರು ಹೊತ್ತವರನ್ನು ಯಾರೂ ಕೇಳಿರಲಿಲ್ಲ. ೨೦೦೧ರಲ್ಲಿ ಫ್ರಾನ್ಸಿನಲ್ಲಿ ‘ನೂ ಜೋಸಿ’, ಅಂದರೆ ‘ನಾವೂ ಸಹ’, ಎಂಬ ಸಂಘ ಹುಟ್ಟಿತು. ಅದನ್ನು ನಡೆಸುವವರು ಬುದ್ಧಿಯ ತೊಡಕುಳ್ಳ ವ್ಯಕ್ತಿಗಳೇ. ಅವರು ತಮ್ಮನ್ನು ‘ಬೌದ್ಧಿಕ ಆಂದಿಕಾಪುಳ್ಳ ವ್ಯಕ್ತಿಗಳು’ ಎಂದು ಕರೆದುಕೊಂಡರು. ಅದಕ್ಕಿಂತ ಹೆಚ್ಚಾಗಿ ಅವರು ಕೇಳಿದ್ದು ತಮ್ಮ ಬಗ್ಗೆ ಬರೆಯುವ ಮಾತು ತಮಗೆ ಅರ್ಥವಾಗಬೇಕೆಂದು. ಚಿಕ್ಕ ವಾಕ್ಯ, ಬಳಕೆಯ ಶಬ್ದ, ಒಂದು ವಾಕ್ಯಕ್ಕೆ ಒಂದೇ ವಿಚಾರ: ಇಂಥ ನಿಯಮಗಳ ‘ಓದಲು ತಿಳಿಯಲು ಸುಲಭ’ವೆಂಬ ಬರಹದ ಕ್ರಮ ೨೦೦೯ರಿಂದ ಯೂರೋಪಿನ ಹಲವು ದೇಶಗಳಲ್ಲಿ ರೂಪುಗೊಂಡಿದೆ. ಅದರ ಒಂದು ಕಟ್ಟಳೆ ನನಗೆ ಬಹಳ ಹಿಡಿಸಿತು. ಅಂಥ ಬರಹವನ್ನು ಸಿದ್ಧಪಡಿಸುವಾಗ ಬುದ್ಧಿಯ ತೊಡಕುಳ್ಳವರನ್ನು ಆ ಕೆಲಸದಲ್ಲಿ ಸೇರಿಸಿಕೊಳ್ಳಲೇಬೇಕು. ಎರಡು ಶತಮಾನಗಳ ಕಾಲ ಪರೀಕ್ಷೆಗೆ ಒಳಗಾದವರು ಈಗ ನಮ್ಮ ವಾಕ್ಯಗಳನ್ನು ಪರೀಕ್ಷಿಸುತ್ತಾರೆ. ನನ್ನ ಈ ಮಾತುಗಳಲ್ಲಿ ಎಷ್ಟು ವಾಕ್ಯಗಳು ಅವರ ಕೈಯಲ್ಲಿ ತೇರ್ಗಡೆಯಾದಾವು ಎಂಬುದು ಬೇರೆ ವಿಷಯ!

ಕೊನೆಯದಾಗಿ ಒಂದು ತಾರೀಖು. ನೆಪೋಲಿಯನನ ಕಾಲದ ನಿಷೇಧ ೧೯೬೮ರಲ್ಲಿ ಹೋಯಿತೆಂದೆನಷ್ಟೆ. ಆದರೆ ಅದರ ಜಾಗಕ್ಕೆ ಬಂದ ಪಾಲಕತ್ವದ ವ್ಯವಸ್ಥೆಯಲ್ಲಿಯೂ ಒಂದು ನಿಷೇಧ ಉಳಿದಿತ್ತು. ಪಾಲಕತ್ವದಲ್ಲಿರುವವರ ಮತದಾನದ ಹಕ್ಕು ಮೊದಲು ತಾನಾಗಿಯೇ ಹೋಗುತ್ತಿತ್ತು. ಆಮೇಲೆ ನ್ಯಾಯಾಧೀಶರ ಇಚ್ಛೆಗೆ ಒಳಪಟ್ಟಿತ್ತು. ೨೦೧೯ರ ಮಾರ್ಚ್ ೨೩ರ ಕಾನೂನು ಆ ವಿಧಿಯನ್ನು ತೆಗೆದುಹಾಕಿತು. ಸುಮಾರು ಮೂರು ಲಕ್ಷ ಜನರಿಗೆ ಮತದಾನದ ದಾರಿ ತೆರೆಯಿತು. ಅದೇ ವರ್ಷದ ಮೇ ತಿಂಗಳ ಯೂರೋಪಿನ ಸಂಸತ್ತಿನ ಚುನಾವಣೆಯಲ್ಲಿ ಅವರಲ್ಲಿ ಕೆಲವರು ಮೊದಲ ಬಾರಿಗೆ ಮತಪೆಟ್ಟಿಗೆಯ ಮುಂದೆ ನಿಂತರು. ೧೮೦೪ರಿಂದ ಲೆಕ್ಕ ಹಾಕಿದರೆ ೨೧೫ ವರ್ಷ. ಆ ಅವಧಿಯಲ್ಲಿ ಅವರ ಹೆಸರು ಹತ್ತು ಸಾರಿ ಬದಲಾಗಿತ್ತು.

ಗ್ರೀಕರು ‘ಇದಿಯೋತೇಸ್’ ಎಂದದ್ದು ಊರಿನ ವ್ಯವಹಾರದಲ್ಲಿ ದನಿಯಿಲ್ಲದೆ ಮನೆಯಲ್ಲಿ ಉಳಿದವನನ್ನು. ಅದರಲ್ಲಿ ಬುದ್ಧಿಯ ಮಾತೇ ಇರಲಿಲ್ಲ. ಆ ಶಬ್ದವನ್ನು ವೈದ್ಯರು ಕೈಬಿಟ್ಟು ಎಷ್ಟೋ ಕಾಲವಾದ ಮೇಲೂ ಅದರ ಮೊದಲ ಅರ್ಥ ಈ ಜನರ ಬಾಳಿನಲ್ಲಿ ಜಾರಿಯಲ್ಲಿತ್ತು. ೨೦೧೯ರ ಆ ಭಾನುವಾರ ತಮ್ಮ ಊರಿನ ಮತಗಟ್ಟೆಗೆ ಹೋಗಿ, ಪರದೆಯ ಹಿಂದೆ ಲಕೋಟೆಯಲ್ಲಿ ಚೀಟಿ ಇಟ್ಟು, ಹೊರಗೆ ಬಂದು ಪಟ್ಟಿಯಲ್ಲಿ ಸಹಿ ಹಾಕಿದವರನ್ನು ಆ ಅರ್ಥದಲ್ಲಿ ಇನ್ನು ಯಾರೂ ಹಾಗೆ ಕರೆಯುವಂತಿಲ್ಲ. ಪಟ್ಟಿಯಲ್ಲಿ ಅವರ ಮುಂದೆ ಇದ್ದದ್ದು ತಂದೆತಾಯಿ ಇಟ್ಟ ಹೆಸರು, ಅದೊಂದೇ.